ಕೊಡುವಾಗ ನಮ್ಮ ಕಣ್ಣು ಎಲ್ಲಿರುತ್ತದೆ?



೨೦೨೦ರ ಏಪ್ರಿಲ್ ತಿಂಗಳು. ಕೊರೊನಾ ಕಾರಣದಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿದ್ದ ಕಾಲ. ದಿನಗೂಲಿ ನಿಂತಿತ್ತು, ಹೋಟೆಲುಗಳು ಮುಚ್ಚಿದ್ದವು, ಬಸ್ಸುಗಳು ಓಡುತ್ತಿರಲಿಲ್ಲ. ಮಂಡ್ಯ ನಗರದೊಳಗೆ ಸೇರಿಹೋಗಿರುವ ಹಳೆಯ ಊರು ಗುತ್ತಲಿನ ಒಂದು ಬೀದಿಯಲ್ಲಿ ನಾವು ಕೆಲವರು ಅಕ್ಕಿ, ಬೇಳೆ, ಎಣ್ಣೆ ತುಂಬಿದ ಚೀಲಗಳನ್ನು ಹಂಚಲು ಹೋಗಿದ್ದೆವು. ಜೊತೆಗೆ ಒಂದು ಬ್ಯಾನರನ್ನೂ ಒಯ್ದಿದ್ದೆವು. ಇಬ್ಬರು ಯುವಕರು ಅದನ್ನು ಎರಡು ಬದಿಯಲ್ಲಿ ಹಿಡಿದು ನಿಂತಿದ್ದರು. ಚೀಲ ಪಡೆಯುವವರು ಅದರ ಮುಂದೆ ಬಂದು ನಿಲ್ಲಬೇಕು, ನಾನು ಕೊಡಬೇಕು, ಇನ್ನೊಬ್ಬರು ಮೊಬೈಲಿನಲ್ಲಿ ಚಿತ್ರ ತೆಗೆಯಬೇಕು. ಇದು ನಾವು ಮಾಡಿಕೊಂಡಿದ್ದ ಏರ್ಪಾಡು.

ಸರದಿಯಲ್ಲಿ ಬಂದ ಒಬ್ಬ ತಾಯಿ ಚೀಲಕ್ಕೆ ಕೈ ಚಾಚುವ ಮೊದಲೇ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. 'ಅಮ್ಮಾ, ಒಂಚೂರು ಈ ಕಡೆ ನೋಡಿ' ಎಂದೆ. ಅವರು ತಲೆ ಎತ್ತಲಿಲ್ಲ. 'ಫೋಟೊ ಬ್ಯಾಡಿ ಸ್ವಾಮಿ, ನಮ್ ನೆಂಟ್ರು ನೋಡುದ್ರೆ ತಲೆ ಎತ್ತಂಗಿಲ್ಲ' ಎಂದರು. ಆದರೂ ಚಿತ್ರ ತೆಗೆದದ್ದಾಯಿತು. ಅದರಲ್ಲಿ ಆ ತಾಯಿಯ ಮುಖ ಕಾಣುವುದಿಲ್ಲ. ನನ್ನ ಮುಖ ಮಾತ್ರ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಅದು ಕೆಲವು ವಾರ ನಮ್ಮ ಸೂಚನಾ ಫಲಕದ ಮೇಲೂ ಇತ್ತು. ಅದನ್ನು ಕಂಡು ಮೆಚ್ಚಿದವರೇ ಹೆಚ್ಚು. ನನಗಾದರೋ ಅದನ್ನು ನೋಡಿದಾಗಲೆಲ್ಲ ಒಂದೇ ಪ್ರಶ್ನೆ ಏಳುತ್ತಿತ್ತು: ಅಂದು ಆ ಬೀದಿಯಲ್ಲಿ ಕೊಟ್ಟವರು ಯಾರು, ಪಡೆದವರು ಯಾರು? ಆಕೆ ಹತ್ತು ದಿನದ ಅಕ್ಕಿ ಪಡೆದರು. ನಾನು ಆಕೆಯ ಮಾನವನ್ನು ಪಡೆದೆ.

ಈ ಲೇಖನವನ್ನು ನಾನು ಯಾರ ಮೇಲೂ ಬೆರಳು ತೋರಿಸಲು ಬರೆಯುತ್ತಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಬೆರಳು ತೋರಿಸಲೆಂದೇ ಬರೆಯುತ್ತಿದ್ದೇನೆ. ಮೊದಲು ನನ್ನ ಕಡೆಗೆ, ಆಮೇಲೆ ನಿಮ್ಮ ಕಡೆಗೆ. ನಮ್ಮ ಸೇವಾಕಾರ್ಯಗಳಿಗೆ ಹೊರಗಿನಿಂದ ಬರುತ್ತಿರುವ ಅಪಾಯಗಳ ಬಗ್ಗೆ ಸಭೆಗಳಲ್ಲಿ ಬಹಳ ಮಾತನಾಡುತ್ತೇವೆ. ಒಳಗಿನಿಂದಲೇ ಅದನ್ನು ತಿನ್ನುತ್ತಿರುವ ಗೆದ್ದಲಿನ ಬಗ್ಗೆ ಮಾತನಾಡುವವರು ಕಡಿಮೆ.

'ಉದ್ದೇಶ ಏನಾದರೇನು?' ಎಂಬ ಮಾತು

ಈ ವಿಷಯ ತೆಗೆದ ಕೂಡಲೇ ಎದುರಾಗುವ ಮಾತೊಂದಿದೆ: 'ಸ್ವಾಮಿ, ಉದ್ದೇಶ ಏನಾದರೇನು? ಹಸಿದವನಿಗೆ ಅನ್ನ ಸಿಕ್ಕಿತಲ್ಲ! ಹೆಸರಿಗಾಗಿ ಕೊಟ್ಟ ಅಕ್ಕಿಯೂ ಬೇಯುತ್ತದೆ, ಪ್ರೀತಿಯಿಂದ ಕೊಟ್ಟ ಅಕ್ಕಿಯೂ ಬೇಯುತ್ತದೆ.' ಇದು ತಳ್ಳಿಹಾಕಬಹುದಾದ ಮಾತಲ್ಲ. ಹಸಿದ ಹೊಟ್ಟೆಯ ಮುಂದೆ ಕೊಡುವವನ ಆತ್ಮಶೋಧನೆ ಒಂದು ಐಷಾರಾಮದಂತೆ ಕಾಣಬಹುದು.

ಆದರೆ ಸ್ವಲ್ಪ ತಾಳಿ. ಒಂದು ಕಾರ್ಯ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಮಾಡಿದ ಕೆಲಸ, ಮಾಡಿದವನ ಉದ್ದೇಶ, ಮಾಡಿದ ಸಂದರ್ಭ ಈ ಮೂರನ್ನೂ ನೋಡಬೇಕೆಂದು ಗುರುಮಠದ ನೀತಿಶಾಸ್ತ್ರದ ತರಗತಿಯಲ್ಲಿ ನಮಗೆ ಕಲಿಸಿದ್ದರು. ಅಂದು ಅದು ಪರೀಕ್ಷೆಗೆ ಬಾಯಿಪಾಠ ಮಾಡುವ ಸೂತ್ರವಾಗಿತ್ತು. ಅದರಲ್ಲಿ ಎಷ್ಟು ಲೋಕಾನುಭವ ಅಡಗಿದೆ ಎಂಬುದು ಬೀದಿಗಿಳಿದ ಮೇಲೆ ತಿಳಿಯಿತು. ಏಕೆಂದರೆ ಉದ್ದೇಶವು ಕೊಡುವವನ ಮನಸ್ಸಿನೊಳಗೆ ಮುದುಡಿಕೊಂಡು ಕುಳಿತಿರುವುದಿಲ್ಲ. ಯಾರಿಗೆ ಕೊಡಬೇಕು, ಎಷ್ಟು ದಿನ ಕೊಡಬೇಕು, ಹೇಗೆ ಕೊಡಬೇಕು ಎಂಬುದನ್ನೆಲ್ಲ ಅದೇ ತೀರ್ಮಾನಿಸುತ್ತದೆ.

ಹೆಸರಿಗಾಗಿ ಕೊಡುವವನು ಮುಖ್ಯರಸ್ತೆಯ ಪಕ್ಕದ ಬಡವನನ್ನು ಆರಿಸಿಕೊಳ್ಳುತ್ತಾನೆ. ಒಳಗಲ್ಲಿಯಲ್ಲಿ ಹಾಸಿಗೆ ಹಿಡಿದ ಮುದುಕಿ ಅವನಿಗೆ ಕಾಣುವುದಿಲ್ಲ. ಅವನು ಹಂಚಲು ಸುಲಭವಾದುದನ್ನು, ಚಿತ್ರಕ್ಕೆ ಚೆನ್ನಾಗಿ ಕಾಣುವುದನ್ನು ಕೊಡುತ್ತಾನೆ. ಆಸ್ಪತ್ರೆಯ ಸಾಲಿನಲ್ಲಿ ಮೂರು ಗಂಟೆ ಜೊತೆಗೆ ನಿಲ್ಲುವುದು ಅವನಿಂದಾಗದು. ಎಲ್ಲಕ್ಕಿಂತ ಮಿಗಿಲಾಗಿ, ಜನರ ಗಮನ ಬೇರೆಡೆಗೆ ಹೊರಳಿದ ದಿನವೇ ಅವನ ಸೇವೆಯೂ ನಿಲ್ಲುತ್ತದೆ. ೨೦೧೫ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರು ಸಾಲದ ಹೊರೆ ತಾಳಲಾರದೆ ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡದ್ದು ನಿಮಗೆ ನೆನಪಿರಬಹುದು. ಆಗ ಆ ಮನೆಗಳ ಜಗುಲಿಗಳಿಗೆ ನಾಯಕರು ಬಂದರು, ಸಂಘಗಳು ಬಂದವು, ಕ್ಯಾಮರಾಗಳು ಬಂದವು. ಮರುವರ್ಷ ತಿಥಿಯ ದಿನ ಆ ಜಗುಲಿಗಳಲ್ಲಿ ಎಷ್ಟು ಮಂದಿ ಕುಳಿತಿದ್ದರು? ಅಕ್ಕಿ ಯಾವ ಉದ್ದೇಶದಿಂದ ಬಂದರೂ ಬೇಯುತ್ತದೆ, ನಿಜ. ಆದರೆ ಉದ್ದೇಶ ಸರಿಯಿಲ್ಲದಿದ್ದರೆ ನಾಳೆಯ ಅಕ್ಕಿ ಬರುವುದಿಲ್ಲ.

ಲೆಕ್ಕ ಬೇರೆ, ಪ್ರದರ್ಶನ ಬೇರೆ

ಎರಡನೆಯ ಆಕ್ಷೇಪಣೆ ಹೆಚ್ಚಾಗಿ ನಮ್ಮಂಥ ಗುರುಗಳಿಂದ, ಸಂಸ್ಥೆಗಳನ್ನು ನಡೆಸುವವರಿಂದ ಬರುತ್ತದೆ: 'ಚಿತ್ರ ಕಳಿಸದಿದ್ದರೆ ದಾನಿಗಳು ಹಣ ಕೊಡುವುದಿಲ್ಲ. ನಮ್ಮ ಬೆಳಕು ಜನರ ಮುಂದೆ ಬೆಳಗಲೆಂದು ಪ್ರಭುವೇ ಹೇಳಿಲ್ಲವೇ?'

ಹೇಳಿದ್ದಾರೆ. ಅದು ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿದೆ. ಪುಟ ಮಗುಚಿದರೆ ಆರನೆಯ ಅಧ್ಯಾಯದ ಆರಂಭದಲ್ಲೇ, ದಾನ ಮಾಡುವಾಗ ತುತೂರಿ ಊದಿಸಬೇಡಿ, ಬಲಗೈ ಮಾಡಿದ್ದು ಎಡಗೈಗೂ ತಿಳಿಯದಿರಲಿ ಎಂಬ ಎಚ್ಚರಿಕೆಯೂ ಇದೆ. ಒಂದೇ ಪರ್ವತ ಪ್ರಬೋಧನೆಯಲ್ಲಿ ಒಂದಕ್ಕೊಂದು ವಿರುದ್ಧವಾದ ಮಾತುಗಳೇ? ಇಲ್ಲ. ಐದನೆಯ ಅಧ್ಯಾಯದಲ್ಲಿ ಬೆಳಕನ್ನು ಕಂಡವರು ಸ್ತುತಿಸುವುದು ಸ್ವರ್ಗದ ತಂದೆಯನ್ನು. ಆರನೆಯ ಅಧ್ಯಾಯದಲ್ಲಿ ತುತೂರಿ ಕೇಳಿದವರು ಹೊಗಳುವುದು ಊದಿಸಿದವನನ್ನು. ಹೊಗಳಿಕೆ ಯಾರಿಗೆ ಸಂದಾಯವಾಗುತ್ತದೆ ಎಂಬುದರಲ್ಲಿ ಭೇದವಿದೆ.

ಲೆಕ್ಕ ಕೊಡುವುದನ್ನು ನಾನು ವಿರೋಧಿಸುತ್ತಿಲ್ಲ. ಪೈಸೆಪೈಸೆಗೂ ಲೆಕ್ಕವಿರಲೇಬೇಕು. ೨೦೧೦ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಮತ್ತು ಅದರ ೨೦೨೦ರ ತಿದ್ದುಪಡಿ ಹೊರದೇಶದಿಂದ ಬರುವ ಹಣಕ್ಕೆ ಕಟ್ಟುನಿಟ್ಟಾದ ಲೆಕ್ಕ ಕೇಳುತ್ತವೆ. ಆಡಳಿತದ ಖರ್ಚು ನೂರಕ್ಕೆ ಇಪ್ಪತ್ತನ್ನು ಮೀರಬಾರದೆನ್ನುತ್ತವೆ. ಹಾಗೆ ಲೆಕ್ಕ ಒಪ್ಪಿಸುವುದು ಪ್ರಾಮಾಣಿಕತೆಯ ಭಾಗ. ಆದರೆ ಲೆಕ್ಕಕ್ಕೆ ರಸೀದಿ ಬೇಕು, ದಾಸ್ತಾನು ಪುಸ್ತಕ ಬೇಕು, ಸಹಿ ಬೇಕು. ಚೀಲ ಹಿಡಿದು ತಲೆತಗ್ಗಿಸಿ ನಿಂತ ತಾಯಿಯ ಮುಖ ಯಾವ ಲೆಕ್ಕಕ್ಕೂ ಬೇಕಿಲ್ಲ. ಅದು ಬೇಕಾಗುವುದು ಪ್ರದರ್ಶನಕ್ಕೆ. ದಾನಿ ಅಂಥ ಚಿತ್ರವನ್ನೇ ಕೇಳಿದರೆ, ಬೇಡವೆಂದು ಅವರಿಗೆ ತಿಳಿಹೇಳುವುದೂ ಸೇವೆಯೇ.

ಇನ್ನು ಕುಟುಂಬಗಳಾದ ನಿಮ್ಮ ಕಡೆಗೆ ತಿರುಗುತ್ತೇನೆ. ಮಗುವಿನ ಹುಟ್ಟುಹಬ್ಬಕ್ಕೋ ಹಿರಿಯರ ಪುಣ್ಯತಿಥಿಗೋ ಅನಾಥಾಶ್ರಮದಲ್ಲಿ ಊಟ ಹಾಕಿಸುವ ಪದ್ಧತಿ ಈಗ ನಮ್ಮಲ್ಲಿ ಚೆನ್ನಾಗಿ ಬೇರೂರಿದೆ. ಒಳ್ಳೆಯದೇ. ಆದರೆ ಆ ದಿನ ಅಲ್ಲಿ ನಡೆಯುವುದನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಬಿರಿಯಾನಿಯ ಪಾತ್ರೆ ಎದುರಿಗಿದೆ. ಮಕ್ಕಳು ಸಾಲಾಗಿ ಕುಳಿತಿದ್ದಾರೆ. ದಾನಿಗಳ ಕುಟುಂಬ ಬರುವುದು ತಡವಾಗಿದೆ. ಬಂದ ಮೇಲೆ ಕೇಕು, ಹಾಡು, ಚಪ್ಪಾಳೆ, ಚಿತ್ರ. ತನ್ನ ಹುಟ್ಟಿದ ದಿನ ಯಾವುದೆಂದೇ ತಿಳಿಯದ ಮಗು ನಿಮ್ಮ ಮಗುವಿಗೆ ಶುಭಾಶಯದ ಹಾಡು ಹಾಡಿದ ಮೇಲೆಯೇ ಅದರ ಎಲೆಗೆ ಅನ್ನ ಬೀಳುತ್ತದೆ. ಇದು ಊಟ ಹಾಕಿಸುವುದೋ, ಹಾಡಿಗೆ ಕೂಲಿ ಕೊಡುವುದೋ? ಔತಣಕ್ಕೆ ಬಡವರನ್ನು, ಕುಂಟರನ್ನು, ಕುರುಡರನ್ನು ಕರೆಯಿರಿ, ಪ್ರತಿಯಾಗಿ ಕೊಡಲು ಅವರಲ್ಲಿ ಏನೂ ಇರುವುದಿಲ್ಲವಲ್ಲ ಎಂದು ಲೂಕನ ಶುಭಸಂದೇಶದಲ್ಲಿ ಪ್ರಭು ಬೋಧಿಸುತ್ತಾರೆ. ಏನೂ ಇಲ್ಲದ ಆ ಮಕ್ಕಳಿಂದಲೂ ನಾವು ಒಂದು ಹಾಡನ್ನು ವಸೂಲು ಮಾಡಿಬಿಟ್ಟೆವು.

ಗಾಳಕ್ಕೆ ಸಿಕ್ಕಿಸಿದ ಪ್ರೀತಿ

ಈಗ ಸೂಕ್ಷ್ಮವಾದ ವಿಷಯಕ್ಕೆ ಬರುತ್ತೇನೆ. ಕರ್ನಾಟಕದಲ್ಲಿ ೨೦೨೨ರಲ್ಲಿ ಜಾರಿಗೆ ಬಂದ ಮತಾಂತರ ವಿಷಯದ ಕಾಯ್ದೆಯು 'ಆಮಿಷ' ಎಂಬುದನ್ನು ಬಹಳ ವಿಶಾಲವಾಗಿ ವಿವರಿಸಿ, ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಮುಂತಾದವುಗಳ ಕೊಡುಗೆಯನ್ನೂ ಅದರಡಿ ಸೇರಿಸಿತು. ನಮ್ಮ ಧರ್ಮಾಧ್ಯಕ್ಷರುಗಳು ಅದನ್ನು ವಿರೋಧಿಸಿದರು. ೨೦೨೩ರ ಜೂನ್‌ನಲ್ಲಿ ಅದನ್ನು ಹಿಂತೆಗೆಯಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಆ ಕಾಯ್ದೆ ನಮ್ಮ ಮೇಲೆ ಹೊರಿಸಿದ ಸಂಶಯ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಅನ್ಯಾಯದ ಆರೋಪವನ್ನು ಅಲ್ಲಗಳೆಯುವ ಅವಸರದಲ್ಲಿ ನ್ಯಾಯವಾದ ಪ್ರಶ್ನೆಯನ್ನೂ ಕಸದಬುಟ್ಟಿಗೆ ಹಾಕಬಾರದು.

ಈ ಪ್ರಶ್ನೆಯನ್ನು ಸರ್ಕಾರಕ್ಕಿಂತ ಬಹಳ ಮೊದಲೇ ನಮ್ಮ ಧರ್ಮಸಭೆಯೇ ಕೇಳಿಕೊಂಡಿದೆ. ೧೯೬೫ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ, ಅದರಲ್ಲೂ ಬಡವರ ಮತ್ತು ಓದುಬರಹವಿಲ್ಲದವರ ನಡುವೆ, ಬಲಾತ್ಕಾರದ ಅಥವಾ ಅನುಚಿತ ಮನವೊಲಿಕೆಯ ಛಾಯೆಯೂ ಇರಬಾರದೆಂದು ಬೋಧಿಸಿತು. ಅದೇ ವರ್ಷ ಧರ್ಮಪ್ರಚಾರ ಕಾರ್ಯದ ಬಗೆಗಿನ ಆಜ್ಞಾಪತ್ರದಲ್ಲಿ, ಒತ್ತಾಯದಿಂದಾಗಲಿ ಕುತಂತ್ರದ ಸೆಳೆತದಿಂದಾಗಲಿ ಯಾರನ್ನೂ ವಿಶ್ವಾಸಕ್ಕೆ ತರುವುದನ್ನು ನಿಷೇಧಿಸಿತು. ೨೦೦೫ರಲ್ಲಿ ವಿಶ್ವಗುರು ಹದಿನಾರನೆಯ ಬೆನೆಡಿಕ್ಟರು ತಮ್ಮ ಮೊದಲ ವಿಶ್ವಪತ್ರದಲ್ಲಿ, ಪ್ರೀತಿ ಉಚಿತವಾದದ್ದು, ಬೇರೆ ಗುರಿಯನ್ನು ಮುಟ್ಟಲು ಅದನ್ನು ಸಾಧನ ಮಾಡಿಕೊಳ್ಳಬಾರದು ಎಂಬ ಅರ್ಥದ ಸ್ಪಷ್ಟ ಬೋಧನೆ ನೀಡಿದರು. ಇವನ್ನು ನಾವು ಗ್ರಂಥಾಲಯದಲ್ಲಿಟ್ಟು ಬೀಗ ಹಾಕಿದ್ದೇವೆ.

ನಮ್ಮ ಮಂಡ್ಯ ಜಿಲ್ಲೆಯ ನೆಲದಲ್ಲೇ ಇದಕ್ಕೊಂದು ಹಳೆಯ ಪಾಠವಿದೆ. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ನೆಲೆಸಿ ಸೇವೆ ಸಲ್ಲಿಸಿದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರ ಹೆಸರನ್ನು ನೀವು ಕೇಳಿರುತ್ತೀರಿ. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆಯುತ್ತಿದ್ದರು. ೧೭೯೯ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಈ ಸೀಮೆಗೆ ಬಂದ ಅವರು, ಸಿಡುಬಿಗೆ ಲಸಿಕೆ ಹಾಕುವ ಕಾರ್ಯದಲ್ಲಿ ಮುಂದೆ ನಿಂತರು. ೧೮೦೩-೦೪ರ ಅವಧಿಯಲ್ಲಿ ೨೫,೪೩೨ ಮಂದಿಗೆ ಲಸಿಕೆ ಹಾಕಿಸಿದ ದಾಖಲೆಯಿದೆ. ಸಿಡುಬಿಗೆ ಜಾತಿಮತದ ಭೇದವಿರಲಿಲ್ಲ; ಲಸಿಕೆಗೂ ಇರಲಿಲ್ಲ. ಅದೇ ಗುರುಗಳು ೧೮೨೩ರಲ್ಲಿ ಭಾರತ ಬಿಟ್ಟು ಹೊರಟ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಇಪ್ಪತ್ತೈದು ವರ್ಷಗಳಲ್ಲಿ ತಾವು ಕ್ರೈಸ್ತರನ್ನಾಗಿ ಮಾಡಿದವರು ಇನ್ನೂರು ಮುನ್ನೂರು ಮಂದಿಯಷ್ಟೇ, ಅವರಲ್ಲೂ ಬಹುಪಾಲು ಜನ ಲೌಕಿಕ ಲಾಭಕ್ಕಾಗಿ ಬಂದವರು ಎಂದು ಕಹಿಯಾಗಿ ಒಪ್ಪಿಕೊಂಡರು.

ಆ ಪತ್ರಗಳಲ್ಲಿ ಬಡವರ ಬಗ್ಗೆ ಬಳಸಿರುವ ಭಾಷೆ ಕಠೋರವಾದದ್ದು. ಅದನ್ನು ನಾನು ಸಮರ್ಥಿಸುವುದಿಲ್ಲ. ಹಸಿದವನು ಅನ್ನದ ಆಸೆಯಿಂದ ಬಂದರೆ ಅವನ ಉದ್ದೇಶವನ್ನು ತೂಗಿ ನೋಡುವ ನಾವು, ಕೊಡುವವನ ಉದ್ದೇಶವನ್ನು ತಕ್ಕಡಿಗೆ ಹಾಕುವುದೇ ಇಲ್ಲ. ಆದರೂ ಆ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಇಪ್ಪತ್ತೈದು ಸಾವಿರಕ್ಕೂ ಮಿಕ್ಕಿದ ಆ ಲಸಿಕೆಗಳಿಂದ ಉಳಿದ ಜೀವಗಳು ಯಾವ ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲೂ ಇಲ್ಲ. ಅವು ದೇವರ ಲೆಕ್ಕದಲ್ಲಿ ಇಲ್ಲವೆಂದು ಯಾರಾದರೂ ಹೇಳಬಲ್ಲಿರಾ?

ಹಾಗಾದರೆ ಕ್ರಿಸ್ತನ ಹೆಸರನ್ನು ಬಚ್ಚಿಡಬೇಕೇ? ಬೇಡ. ಕೇಳಿದವರಿಗೆ ನಮ್ಮ ಭರವಸೆಯ ಕಾರಣವನ್ನು ಸಂತೋಷದಿಂದ ಹೇಳೋಣ. ಆದರೆ ಅಕ್ಕಿಯ ಚೀಲ ಕೈಯಲ್ಲಿರುವಾಗ, ಎದುರಿಗಿರುವವನಿಗೆ 'ಇಲ್ಲ' ಎನ್ನುವ ಸ್ವಾತಂತ್ರ್ಯವಿಲ್ಲದಿರುವಾಗ, ಸಾರುವ ಮಾತು ಸಂದೇಶವಾಗುವುದಿಲ್ಲ, ಕರಾರಾಗುತ್ತದೆ. ಇನ್ನೊಂದು ಮಾತು: ನಮ್ಮ ಧರ್ಮಕೇಂದ್ರಗಳ ಒಳಗೇ ಈ ಕರಾರು ನಡೆಯುತ್ತಿಲ್ಲವೇ? ಭಾನುವಾರದ ಬಲಿಪೂಜೆಗೆ ತಪ್ಪದೆ ಬರುವವರಿಗೆ ಮೊದಲು, ಬಾರದವರಿಗೆ ಆಮೇಲೆ. ವಾರ್ಷಿಕ ವಂತಿಗೆ ಕೊಡದ ಬಡವನಿಗೆ ಪತ್ರವಿಲ್ಲ ಎಂಬ ಲೆಕ್ಕಾಚಾರವೂ ಗಾಳವೇ. ಮೀನು ಮಾತ್ರ ನಮ್ಮ ಕೊಳದ್ದು.

ಇದರ ಎದುರು ತುದಿಯಲ್ಲಿ ಇನ್ನೊಂದು ತಪ್ಪಿದೆ. ನಮ್ಮ ಮೇಲೆ ಆರೋಪ ಬಂದಾಗಲೆಲ್ಲ ನಾವು ಪಟ್ಟಿ ಓದುತ್ತೇವೆ: ಇಷ್ಟು ಶಾಲೆ, ಇಷ್ಟು ಆಸ್ಪತ್ರೆ, ಇಷ್ಟು ಅನಾಥಾಲಯ. ೧೮೮೦ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧ ಕೊಡತೊಡಗಿ, ಮುಂದೆ ಕುಷ್ಠರೋಗಿಗಳಿಗೂ ಆಶ್ರಯ ಕಲ್ಪಿಸಿದ ಫಾದರ್ ಮುಲ್ಲರ್ ಅವರ ಹೆಸರನ್ನು ಹೆಮ್ಮೆಯಿಂದ ಎತ್ತುತ್ತೇವೆ. ಅವರು ಔಷಧ ಕೊಟ್ಟದ್ದು ರೋಗಿ ಎದುರಿಗಿದ್ದ ಕಾರಣಕ್ಕೆ. ನೂರು ವರ್ಷಗಳ ನಂತರ ನಮ್ಮ ವಾದಕ್ಕೆ ಸಾಕ್ಷಿಯಾಗಲೆಂದು ಅವರು ಆ ಗಾಯಗಳನ್ನು ತೊಳೆಯಲಿಲ್ಲ. ಬಡವರನ್ನು ನಮ್ಮ ಪರವಾಗಿ ಕಟಕಟೆಗೆ ನಿಲ್ಲಿಸುವುದೂ ಅವರನ್ನು ಬಳಸಿಕೊಳ್ಳುವ ಇನ್ನೊಂದು ಬಗೆ.

ಹೋಗದೆ ಉಳಿದ ಮನೆಗಳು

೨೦೨೦ರ ಸೆಪ್ಟೆಂಬರ್ ತಿಂಗಳಲ್ಲಿ, ನಾವು ಅಕ್ಕಿ ಹಂಚಿದ ಅದೇ ಗುತ್ತಲಿನ ಅರ್ಕೇಶ್ವರಸ್ವಾಮಿ ದೇವಾಲಯದಲ್ಲಿ ರಾತ್ರಿ ಮಲಗಿದ್ದ, ದೇವಾಲಯದ ಸೇವೆಯಲ್ಲಿದ್ದ ಮೂವರನ್ನು ದುಷ್ಕರ್ಮಿಗಳು ಕೊಂದು ಹುಂಡಿಯ ಹಣವನ್ನು ದೋಚಿದರು. ಮಂಡ್ಯವೇ ತಲ್ಲಣಿಸಿತು. ಆ ಮನೆಗಳಿಗೆ ಹೋಗಿ ಒಂದು ಗಳಿಗೆ ಕುಳಿತು ಬರಬೇಕೆಂದು ನನಗೆ ಅನ್ನಿಸಿತು. ಆದರೆ ಹೋಗಲಿಲ್ಲ. 'ಪಾದ್ರಿ ಇಲ್ಲಿಗೇಕೆ ಬಂದ?' ಎಂದು ಯಾರಾದರೂ ಅಂದುಕೊಂಡಾರು ಎಂಬ ಅಳುಕು ಕಾಲನ್ನು ಕಟ್ಟಿಹಾಕಿತು.

ಅಂದು ಅದನ್ನು ವಿವೇಕವೆಂದುಕೊಂಡೆ. ಇಂದು ಅದಕ್ಕೆ ಬೇರೆ ಹೆಸರಿದೆಯೆಂದು ತಿಳಿದಿದ್ದೇನೆ. ಏಪ್ರಿಲ್‌ನಲ್ಲಿ ಜನರ ಕಣ್ಣಿಗೆ ಬೀಳಬೇಕೆಂಬ ಆಸೆಯಿಂದ ಹೋದೆ. ಸೆಪ್ಟೆಂಬರ್‌ನಲ್ಲಿ ಜನರ ಕಣ್ಣಿಗೆ ಬೀಳುವ ಭಯದಿಂದ ಹೋಗದೆ ಉಳಿದೆ. ಎರಡು ಸಲವೂ ನನ್ನ ಕಣ್ಣು ಇದ್ದದ್ದು ನನ್ನ ಮೇಲೆಯೇ, ದುಃಖದಲ್ಲಿದ್ದವರ ಮೇಲಲ್ಲ. ಕೀರ್ತಿಯ ಆಸೆಗೂ ಅಪಕೀರ್ತಿಯ ಭಯಕ್ಕೂ ಒಂದೇ ಬೇರು ಎಂಬುದನ್ನು ಯಾವ ಗ್ರಂಥಕ್ಕಿಂತ ಚೆನ್ನಾಗಿ ಆ ಊರು ನನಗೆ ಕಲಿಸಿತು.

ಶುದ್ಧವಾಗುವವರೆಗೆ ಕಾಯಬೇಕೇ?

ಇಷ್ಟನ್ನು ಓದಿದ ಮೇಲೆ ಯಾರಾದರೂ, 'ನನ್ನ ಉದ್ದೇಶ ಶುದ್ಧವಿಲ್ಲ, ಆದ್ದರಿಂದ ಕೊಡುವುದಿಲ್ಲ' ಎಂದು ಜೇಬಿಗೆ ಗುಂಡಿ ಹಾಕಿಕೊಂಡರೆ ಅದು ದೊಡ್ಡ ವಂಚನೆ. ಅಪರಂಜಿಯಂಥ ಉದ್ದೇಶ ನಮ್ಮಲ್ಲಿ ಯಾರಿಗೂ ಇಲ್ಲ. ಬಾವಿ ತೋಡುವಾಗ ಮೊದಲು ಬರುವುದು ಕೆಸರುನೀರೇ. ತೋಡುತ್ತ, ಮೊಗೆಯುತ್ತ ಹೋದರೆ ತಿಳಿನೀರು ಬರುತ್ತದೆ. ಕೆಸರು ಕಂಡಿತೆಂದು ಬಾವಿಯನ್ನೇ ಮುಚ್ಚುವವನು ಬಾಯಾರಿದವರಿಗೂ ದ್ರೋಹಿ, ತನಗೂ ದ್ರೋಹಿ.

೧೮೩೩ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜಾನಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಗೆಳೆಯರೊಂದಿಗೆ ಸೇರಿ ಇಂದು ನಮ್ಮ ಎಷ್ಟೋ ಧರ್ಮಕೇಂದ್ರಗಳಲ್ಲಿರುವ ಸಂತ ವಿನ್ಸೆಂಟ್ ದೆ ಪೌಲ್ ಸಭೆಯನ್ನು ಕಟ್ಟಿದರು. ಅದು ಹುಟ್ಟಿದ್ದು ಒಂದು ಸವಾಲಿನಿಂದ. ನಿಮ್ಮ ಧರ್ಮಸಭೆ ಇಂದು ಬಡವರಿಗೆ ಏನು ಮಾಡುತ್ತಿದೆ, ತೋರಿಸಿ ಎಂದು ಎದುರಾಳಿಗಳು ಕೆಣಕಿದ್ದರು. ತೋರಿಸಲು ಹೊರಟ ಆ ಯುವಕರು ಬಡವರ ಮನೆಗಳಿಗೆ ಸ್ವತಃ ಹೋಗತೊಡಗಿದರು. ವಾರವಾರವೂ ಅದೇ ಮೆಟ್ಟಿಲು ಹತ್ತಿ, ಅದೇ ಮುಖಗಳನ್ನು ಕಂಡು, ಅದೇ ಕಷ್ಟ ಕೇಳಿ ಬರುವವನಿಗೆ, ಯಾರಿಗೆ ತೋರಿಸಲು ಹೊರಟಿದ್ದೆ ಎಂಬುದು ಕ್ರಮೇಣ ಮರೆತುಹೋಗುತ್ತದೆ. ಉದ್ದೇಶ ಶುದ್ಧವಾಗುವ ದಾರಿ ಇದೇ. ಕಣ್ಣು ಮುಚ್ಚಿ ಕುಳಿತರೆ ಅದು ಶುದ್ಧವಾಗುವುದಿಲ್ಲ. ಬಡವನ ಹೆಸರು, ಅವನ ಮಗಳ ಹೆಸರು, ಅವನ ಮಾತ್ರೆಯ ಹೆಸರು ತಿಳಿಯುತ್ತ ಹೋದಂತೆ ಶುದ್ಧವಾಗುತ್ತದೆ.

ಹತ್ತು ಮಂದಿ ಕುಷ್ಠರೋಗಿಗಳನ್ನು ಪ್ರಭು ಗುಣಪಡಿಸಿದಾಗ ಹಿಂದಿರುಗಿ ಬಂದು ವಂದಿಸಿದವನು ಒಬ್ಬನೇ, ಅವನೂ ಪರಕೀಯನಾದ ಸಮಾರಿಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಪ್ರಭು ಕೇಳಿದರು. ಆದರೆ ಅವರ ಆರೋಗ್ಯವನ್ನು ಹಿಂದಕ್ಕೆ ಪಡೆಯಲಿಲ್ಲ. ನಾವು ನೆರವಾದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ನಮ್ಮನ್ನು ಮರೆತಾರು, ಕೆಲವರು ಬೈದಾರು. ಮುಂದಿನ ವಾರವೂ ಅವರ ಬಾಗಿಲು ತಟ್ಟಲು ನಮ್ಮಿಂದಾಗುತ್ತದೆಯೇ? ಉದ್ದೇಶವನ್ನು ಉಜ್ಜಿ ನೋಡಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ತಿಳಿಯದು. ಅಂತಿಮ ತೀರ್ಪಿನ ದಿನ ಬಲಗಡೆ ನಿಂತವರು, 'ಪ್ರಭೂ, ನಾವು ಯಾವಾಗ ನಿಮಗೆ ಉಣಬಡಿಸಿದೆವು?' ಎಂದು ಬೆರಗಾಗಿ ಕೇಳುವರೆಂದು ಮತ್ತಾಯನ ಶುಭಸಂದೇಶದಲ್ಲಿದೆ. ಅವರ ಬಳಿ ತೋರಿಸಲು ಒಂದು ಚಿತ್ರವೂ ಇರಲಿಲ್ಲ.

ಕೊನೆಯದಾಗಿ ಒಂದು ಬೇಡಿಕೆ. ೨೦೧೭ರಿಂದ ಪ್ರತಿ ವರ್ಷ ನವೆಂಬರ್‌ನಲ್ಲಿ ನಾವು ಬಡವರ ವಿಶ್ವ ದಿನವನ್ನು ಆಚರಿಸುತ್ತಿದ್ದೇವೆ. ಈ ಬಾರಿ ಆ ದಿನ ನಿಮ್ಮ ಧರ್ಮಕೇಂದ್ರದಲ್ಲಿ ಬ್ಯಾನರ್ ಕಟ್ಟಬೇಡಿ, ವೇದಿಕೆ ಹಾಕಬೇಡಿ, ನನ್ನಂಥ ಸ್ವಾಮಿಗಳನ್ನು ಚೀಲ ಕೊಡಲು ಕರೆಯಬೇಡಿ. ಪ್ರತಿ ಕುಟುಂಬವೂ ಒಂದು ಮನೆಯನ್ನು ಆರಿಸಿಕೊಳ್ಳಲಿ. ಅದು ನಮ್ಮವರದೇ ಆಗಿರಬೇಕೆಂದಿಲ್ಲ. ಸಂಜೆ ಮಬ್ಬಿನಲ್ಲಿ ಹೋಗಿ, ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೋಗಿ. ಒಯ್ದದ್ದನ್ನು ಅಡಿಗೆಮನೆಯ ಮೂಲೆಯಲ್ಲಿಟ್ಟು, ಅವರು ಕೊಟ್ಟ ಕಾಫಿಯನ್ನು ಬೇಡವೆನ್ನದೆ ಕುಡಿದು ಬನ್ನಿ. ಅವರಿಂದಲೂ ನಾವು ಏನನ್ನಾದರೂ ಪಡೆದೆವು ಎಂಬ ಮಾನ ಅವರಿಗೆ ಉಳಿಯಲಿ. ಮರುತಿಂಗಳು ಮತ್ತೆ ಹೋಗಿ.

ಆ ಚಿತ್ರವನ್ನು ಫಲಕದಿಂದ ತೆಗೆದೆ. ಆದರೆ ಹರಿದು ಹಾಕಲಿಲ್ಲ. ನನ್ನ ಪ್ರಾರ್ಥನಾ ಪುಸ್ತಕದ ನಡುವೆ ಇದೆ. ದಾನದ ಬಗ್ಗೆ ಪ್ರಬೋಧನೆ ಸಿದ್ಧಪಡಿಸುವಾಗ ಅದನ್ನು ಒಮ್ಮೆ ತೆಗೆದು ನೋಡುತ್ತೇನೆ. ಸೆರಗಿನ ಮರೆಯಲ್ಲಿರುವ ಆ ಮುಖದ ಮುಂದೆ ನಿಂತು ಮೊದಲು ನನ್ನ ಪಾಪನಿವೇದನೆ ಮಾಡಿಕೊಳ್ಳುತ್ತೇನೆ. ಆಮೇಲೆ ನಿಮಗೆ ಬೋಧಿಸಲು ಬರುತ್ತೇನೆ.